ಇನ್ನೊಂದು ಚಮಚ

ಜನವರಿ ೯

ಪ್ರೀತಿಯ ಅಕ್ಕಾ,

ಫೋನು ಮಾಡಿದರೆ ನೀನು "ಮೀಟಿಂಗಲ್ಲಿದ್ದೀನಿ ಕಣೇ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಮಧ್ಯದಲ್ಲಿ ಇಡಲು ಬರುವುದಿಲ್ಲ. ಅದಕ್ಕೇ ಈ ಓಬಿರಾಯನ ಕಾಲದ ಉಪಾಯ.

ಮೊದಲು ನೀನು ಉಬ್ಬಿಹೋಗುವಂಥ ಸುದ್ದಿ. ನಿನ್ನ ಕಂಪನಿಯ ಕರಡಿ ಚಿತ್ರದ ಸ್ಟ್ರಾಬೆರಿ ಔಷಧಿ ನನ್ನ ಅಂಗಡಿಯಲ್ಲಿ ನಿಲ್ಲುತ್ತಿಲ್ಲ. ತಂದಿಟ್ಟದ್ದು ತಂದಿಟ್ಟ ಹಾಗೇ ಹೋಗುತ್ತಿದೆ. ಜ್ವರದ ಔಷಧಿ ಅಂದರೆ ಮಕ್ಕಳು ಮಂಚದ ಕೆಳಗೆ ಅವಿತುಕೊಳ್ಳುತ್ತಿದ್ದ ಕಾಲ ಮುಗಿಯಿತು. ನಿನ್ನೆ ಒಬ್ಬ ಚೋಟುದ್ದದ ಗಿರಾಕಿ ಕೌಂಟರಿನ ಅಂಚಿಗೆ ಗಲ್ಲ ಊರಿ, "ಆಂಟಿ, ನಂಗೆ ಜ್ವರ ಬಂದಿದೆ, ಕರಡಿ ಔಷಧಿ ಕೊಡಿ" ಎಂದ. ಹಣೆ ಮುಟ್ಟಿ ನೋಡಿದರೆ ತಣ್ಣಗಿದೆ! ಅವನಮ್ಮ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ.

ನಮಗೆಲ್ಲಿತ್ತು ಈ ಭಾಗ್ಯ? ಅಮ್ಮ ನನ್ನ ಮೂಗು ಹಿಡಿದು, ನೀನು ಕಾಲು ಹಿಡಿದು, ಇಬ್ಬರೂ ಸೇರಿ ಆ ಕಹಿಯನ್ನು ಸುರಿಯುತ್ತಿದ್ದಿರಿ. ನಾನು ಅಷ್ಟನ್ನೂ ನಿಮ್ಮಿಬ್ಬರ ಮೇಲೆ ಉಗಿಯುತ್ತಿದ್ದೆ. ಆಗ ನೀನು ಮುಖ ಒರೆಸಿಕೊಳ್ಳುತ್ತಾ, "ದೊಡ್ಡವಳಾದ ಮೇಲೆ ನಿಂಗೆ ಸಿಹಿ ಔಷಧಿ ಮಾಡ್ಕೊಡ್ತೀನಿ, ಈಗ ನುಂಗೇ ಪಿಶಾಚಿ" ಅನ್ನುತ್ತಿದ್ದೆ. ಕೊನೆಗೂ ಮಾಡಿದೆ ನೋಡು. ನನಗೆ ತಡವಾಯಿತು ಅಷ್ಟೇ.

ಒಂದೇ ಒಂದು ತಕರಾರು. ಈಗ ಬಂದಿದೆಯಲ್ಲ ದೊಡ್ಡ ಬಾಟಲಿ, ಅದಕ್ಕೆ ಹಳೆಯ ಮುಚ್ಚಳ ಯಾಕಿಲ್ಲ? ಮೊದಲಿನದನ್ನು ಒತ್ತಿ ಹಿಡಿದು ತಿರುಗಿಸಿದರೆ ಮಾತ್ರ ಬಿಚ್ಚುತ್ತಿತ್ತು. ಇದು ಎರಡು ಬೆರಳಿಗೇ ಬಿಚ್ಚಿಕೊಳ್ಳುತ್ತದೆ. ಮೇಲಿನವರ ಕಿವಿಗೊಂದು ಮಾತು ಹಾಕು.

ಇತಿ,
ಉಗುಳುವ ತಂಗಿ


ಜನವರಿ ೨೪

ತಂಗೀ,

ನಿನ್ನ ಕಾಗದವನ್ನು ನಮ್ಮ ವಿಭಾಗದಲ್ಲಿ ಗಟ್ಟಿಯಾಗಿ ಓದಿದೆ. ತಣ್ಣನೆ ಹಣೆಯ ಹುಡುಗನ ಸುದ್ದಿಗೆ ಎಲ್ಲರೂ ಮೇಜು ತಟ್ಟಿದರು. ನಮ್ಮ ಮುಖ್ಯಸ್ಥರು, "ನಾಲಿಗೆ ಮೇಡಂ ಗೆದ್ರು" ಎಂದರು. ರುಚಿ ಆರಿಸುವವಳಲ್ಲವಾ, ಇಲ್ಲಿ ನನಗೆ ಅದೇ ಹೆಸರು.

ಈ ರುಚಿ ಹೇಗೆ ಆಯ್ಕೆಯಾಯಿತೆಂದು ನಿನಗೆ ಹೇಳಿಯೇ ಇಲ್ಲ. ನಮ್ಮಲ್ಲಿ ಬಣ್ಣಬಣ್ಣದ ಪುಟ್ಟ ಕುರ್ಚಿಗಳಿರುವ ಒಂದು ಕೋಣೆ ಇದೆ. ಅದರ ಒಂದು ಗೋಡೆ ಒಳಗಿನವರಿಗೆ ಕನ್ನಡಿ, ಹಿಂದೆ ಕುಳಿತ ನಮಗೆ ಕಿಟಕಿ. ಒಂದೊಂದೇ ಮಗುವನ್ನು ಕರೆದು ಒಂದು ಚಮಚ ರುಚಿನೀರು ಕೊಡುತ್ತಾರೆ. ಹೆದರಬೇಡ, ಅದರಲ್ಲಿ ಔಷಧಿ ಇರುವುದಿಲ್ಲ. ಮಗು ನುಂಗಿದ ಮೇಲೆ ನಾವು ಮುಖ ನೋಡುವುದಿಲ್ಲ. ಅಮ್ಮ ಎದುರಿಗಿದ್ದರೆ ಮಗು ಸುಮ್ಮನೆ ನಗುತ್ತದೆ, ಮುಖವನ್ನು ನಂಬಲಾಗದು. ನಾವು ನೋಡುವುದು ಕೈ. ಚಮಚವನ್ನು ಕೆಳಗಿಟ್ಟರೆ ಆ ರುಚಿ ಬಿದ್ದುಹೋಯಿತು. ಚಮಚ ಹಿಡಿದ ಕೈ ತನಗೇ ಗೊತ್ತಿಲ್ಲದೆ ಮುಂದಕ್ಕೆ ಬಂದರೆ ಪಾಸು. ಅದಕ್ಕೆ ನಾವು 'ಕೈ ಬಂತು' ಅನ್ನುತ್ತೇವೆ. ಈ ರುಚಿಗೆ ಬಂದಷ್ಟು ಕೈ ನನ್ನ ಇಡೀ ಸರ್ವೀಸಿನಲ್ಲಿ ಬಂದಿಲ್ಲ ಕಣೇ! ಕನ್ನಡಿಯ ಹಿಂದೆ ನಾನು ಅಳುವುದೊಂದು ಬಾಕಿ. ನನ್ನ ಕಣ್ಣ ಮುಂದೆ ಇದ್ದದ್ದು ಚಿಕ್ಕಂದಿನ ನಿನ್ನ ಮುಚ್ಚಿದ ಬಾಯಿ.

ಮುಚ್ಚಳದ ಬಗ್ಗೆ ಕೇಳಿದೆ. ವಯಸ್ಸಾದವರಿಗೆ ಹಳೆಯದನ್ನು ಬಿಚ್ಚಲು ಆಗುತ್ತಿರಲಿಲ್ಲವಂತೆ, ದೂರು ಬಂದಿತ್ತಂತೆ. ಏನಿದ್ದರೂ ಅದು ನನ್ನ ವಿಭಾಗವಲ್ಲ. ನಾನು ರುಚಿಯವಳು, ಮುಚ್ಚಳದವಳಲ್ಲ.

ನಿನ್ನ ಅಕ್ಕ


ಮಾರ್ಚ್ ೬

ಅಕ್ಕಾ,

ಯೋಗಕ್ಷೇಮ ಕೇಳುವ ಸ್ಥಿತಿಯಲ್ಲಿ ನಾನಿಲ್ಲ. ನೇರವಾಗಿ ಹೇಳುತ್ತೇನೆ.

ನನ್ನ ಅಂಗಡಿಯ ಮಹಡಿಯಲ್ಲಿ ಬಾಡಿಗೆಗಿರುವ ಟೇಲರಮ್ಮ ನಿನಗೆ ಗೊತ್ತು. ಕಳೆದ ಸಲ ಬಂದಾಗ ನಿನ್ನ ಕುಪ್ಪಸದ ತೋಳು ಬಿಗಿ ಮಾಡಿಕೊಟ್ಟವಳು. ಗಂಡ ಹೋದ ಮೇಲೆ ಹೊಲಿಗೆ ಯಂತ್ರ ಮತ್ತು ಮಗಳು, ಇಷ್ಟೇ ಅವಳ ಸಂಸಾರ. ಮಗಳಿಗೆ ಮೂರು ವರ್ಷ. ಸದಾ ಗುಂಡಿ ಡಬ್ಬಿ ಚೆಲ್ಲಾಡಿಕೊಂಡು ಕೂರುತ್ತದೆಂದು ಬೀದಿಗೆ ಬೀದಿಯೇ ಅದನ್ನು ಬಟನ್ ಎಂದು ಕರೆಯುತ್ತದೆ.

ಬಟನ್‌ಗೆ ಸಣ್ಣ ಜ್ವರ ಬಂದಿತ್ತು. ಕರಡಿ ಔಷಧಿಯ ದೊಡ್ಡ ಬಾಟಲಿ ನಾನೇ ಕೊಟ್ಟೆ. "ಮಗುವಿನ ಕೈಗೆ ಸಿಗದ ಹಾಗೆ ಇಡು" ಎಂದೂ ಹೇಳಿದೆ. ಅವಳು ಹಾಗೇ ಇಟ್ಟಿದ್ದಳು, ನನ್ನ ಭುಜದಷ್ಟು ಎತ್ತರದ ಬೀರುವಿನ ನೆತ್ತಿಯ ಮೇಲೆ. ಜ್ವರ ಇಳಿಯಿತು. ಔಷಧಿ ನಿಲ್ಲಿಸಿದಳು. ಬಟನ್ ಮಾತ್ರ ಬೀರುವಿನ ನೆತ್ತಿಯನ್ನು ಮರೆಯಲಿಲ್ಲ. ಅಮ್ಮ ಶಾಲೆಯ ಸಮವಸ್ತ್ರಗಳ ರಾಶಿಯಲ್ಲಿ ಮುಳುಗಿದ್ದಾಗ ಬಟ್ಟೆಗಂಟನ್ನು ಉರುಳಿಸಿಕೊಂಡು ಹೋಗಿ, ಅದರ ಮೇಲೊಂದು ಮಣೆ ಇಟ್ಟು, ಹತ್ತಿ, ಬಾಟಲಿ ಇಳಿಸಿದೆ. ಮುಚ್ಚಳ ಬಿಚ್ಚಿದೆ. ಪೂರ್ತಿ ಕುಡಿದಿದೆ. ಅಷ್ಟು ಬುದ್ಧಿವಂತೆ, ಮುಚ್ಚಳ ಮತ್ತೆ ಹಾಕಿ ಬಾಟಲಿಯನ್ನು ಗಂಟುಗಳ ಹಿಂದೆ ಬಚ್ಚಿಟ್ಟಿದೆ!

ಆ ದಿನ ಚೆನ್ನಾಗಿಯೇ ಆಡಿಕೊಂಡಿತ್ತು. ಮರುದಿನ ವಾಂತಿ. ಹೊಟ್ಟೆ ಕೆಟ್ಟಿರಬೇಕು ಎಂದುಕೊಂಡಳು ಟೇಲರಮ್ಮ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಸಂಜೆಗೆ ಬಾಟಲಿ ಕಣ್ಣಿಗೆ ಬಿತ್ತು. ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದು ಬಂದಳು. ಇನ್ನೊಂದು ಕೈಯಲ್ಲಿ ಖಾಲಿ ಬಾಟಲಿ. ಅಳತೆ ಮೀರಿದರೆ ಜ್ವರದ ಔಷಧಿ ಹೊಟ್ಟೆಯಲ್ಲಿ ಸುಮ್ಮನೆ ಕೂತು ಆಮೇಲೆ ಪಿತ್ತಜನಕಾಂಗ ತಿನ್ನುತ್ತದೆಂದು ನನಗೂ ಗೊತ್ತು, ನಿನಗೂ ಗೊತ್ತು. ಶಟರು ಎಳೆದು ಆಸ್ಪತ್ರೆಗೆ ಓಡಿದೆವು.

ಬಟನ್ ಕಣ್ಣು ಹಳದಿಯಾಗಿದೆ. ಡಾಕ್ಟರು, "ಲಿವರ್‌ಗೆ ಪೆಟ್ಟು ಬಿದ್ದಿದೆ, ಮದ್ದು ಕೊಡ್ತಾ ಇದೀವಿ, ಕಾದು ನೋಡ್ಬೇಕು" ಅನ್ನುತ್ತಾರೆ. ಹೊರಗೆ ಬೆಂಚಿನ ಮೇಲೆ ಅದರ ಅಂಗಿಯನ್ನು ನಾನೇ ಹಿಡಿದುಕೊಂಡಿದ್ದೆ. ಆ ವಾಂತಿಯ ಅಂಗಿಯಿಂದಲೂ ಸ್ಟ್ರಾಬೆರಿಯ ಘಮ ಬರುತ್ತಿತ್ತು ಅಕ್ಕಾ. ಥೂ! ಇನ್ನೂ ಮೂಗಿನಿಂದ ಹೋಗಿಲ್ಲ.

ಏನಾದರೂ ಮಾಡು. ಆ ಬಾಟಲಿಗಳನ್ನು ವಾಪಸು ತರಿಸಲು ಹೇಳು.

ತಂಗಿ


ಮಾರ್ಚ್ ೧೪

ಪ್ರಿಯ ತಂಗಿಗೆ,

ವಿಷಯ ತಿಳಿದು ತುಂಬಾ ದುಃಖವಾಯಿತು. ಮಗು ಬೇಗ ಗುಣವಾಗಲಿ ಎಂದು ಹಾರೈಸುತ್ತೇನೆ.

ಸಂಬಂಧಪಟ್ಟವರಿಗೆ ತಿಳಿಸಿದ್ದೇನೆ. ಕಂಪನಿಯು ಈ ಘಟನೆಯನ್ನು ಗಂಭೀರವಾಗಿ ಪರಿಗಣಿಸಿದೆ. ಬಾಟಲಿಯ ಮೇಲೆ ಮಕ್ಕಳ ಕೈಗೆ ಸಿಗದಂತೆ ಇಡಬೇಕೆಂಬ ಎಚ್ಚರಿಕೆ ಸ್ಪಷ್ಟವಾಗಿ ಮುದ್ರಿತವಾಗಿದೆ ಎಂಬುದನ್ನು ಗಮನಿಸಬೇಕು. ನಮ್ಮ ಪ್ರತಿನಿಧಿಯೊಬ್ಬರು ನಿನ್ನನ್ನು ಭೇಟಿಯಾಗುತ್ತಾರೆ. ಅವರೊಂದಿಗೆ ಸಹಕರಿಸು.

ಅಕ್ಕ

ಬಟನ್ ಊಟ ಮಾಡುತ್ತಿದ್ದಾಳಾ?


ಮಾರ್ಚ್ ೨೨

ಅಕ್ಕಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಕೊನೆಯ ಸಾಲು ಬಿಟ್ಟು ಉಳಿದದ್ದನ್ನು ಬರೆದವರು ಯಾರು? ನಿನ್ನ ಕಂಪನಿಯ ಜೆರಾಕ್ಸ್ ಯಂತ್ರವಾ? "ಗಮನಿಸಬೇಕು" ಅಂತೆ. ನಾನು ಗಮನಿಸದೆ ಬಿಟ್ಟದ್ದು ಏನೂ ಉಳಿದಿಲ್ಲ. ಎಚ್ಚರಿಕೆಯ ಅಕ್ಷರ ಇರುವೆ ಕಾಲಿನಷ್ಟಿದೆ. ಕರಡಿ ಮಾತ್ರ ಬಾಟಲಿಯ ಮುಕ್ಕಾಲು ಭಾಗ ಕೂತು ತುಟಿ ನೆಕ್ಕುತ್ತಿದೆ. ಮೂರು ವರ್ಷದ ಕೂಸು ಯಾವುದನ್ನು ಓದುತ್ತದೆ ಹೇಳು?

ನಿನ್ನ ಪ್ರತಿನಿಧಿ ಬಂದಿದ್ದ. ಹೆಸರು ಹೇಳಿದ, ಮರೆತೆ. ಅವನ ಟೈ ಮಾತ್ರ ಕಣ್ಣಿಗೆ ಕುಕ್ಕಿತು, ಹಾಗಾಗಿ ಅವನು ನನಗೆ ಟೈ. ಬಂದವನೇ, "ಮೇಡಂ, ನಮ್ಮ ಕಂಪನಿ ಒಂದು ದೊಡ್ಡ ಕುಟುಂಬ. ಇಡೀ ಕುಟುಂಬ ನಿಮ್ಮ ನೋವಲ್ಲಿ ಭಾಗಿಯಾಗಿದೆ" ಎಂದ. "ಹಾಗಾದ್ರೆ ಕುಟುಂಬದವರು ಒಂದೊಂದು ಬಾಟ್ಲಿ ಕುಡಿದು ಬನ್ನಿ, ಆಮೇಲೆ ಕೂತು ನೋವಿನ ಬಗ್ಗೆ ಮಾತಾಡೋಣ" ಎಂದೆ. ನಕ್ಕ ಪುಣ್ಯಾತ್ಮ. ತಮಾಷೆ ಎಂದುಕೊಂಡ.

ಆಸ್ಪತ್ರೆಗೂ ಹೋಗಿ ಬಟನ್‌ಗೆ ಒಂದು ಗೊಂಬೆ ಕೊಟ್ಟು ಬಂದಿದ್ದಾನೆ. ಏನು ಗೊಂಬೆ ಗೊತ್ತಾ? ಕರಡಿ. ಅದೇ ಕರಡಿ, ಅದೇ ಗುಲಾಬಿ ಬಣ್ಣ, ಹೊಟ್ಟೆಯ ಮೇಲೆ ಔಷಧಿಯ ಹೆಸರು ಕಸೂತಿ ಮಾಡಿದ್ದು. ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ ಕೂಸಿನ ಮಗ್ಗುಲಲ್ಲಿ ತಮ್ಮ ಜಾಹೀರಾತು ಮಲಗಿಸಿ ಬಂದಿದ್ದಾರೆ. ಇವರಿಗೆ ಮೈಮೇಲೆ ಚರ್ಮ ಇದೆಯೋ, ಪ್ಲಾಸ್ಟಿಕ್ಕೋ? ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಟೇಲರಮ್ಮ ಬಿಸಾಕಲು ಹೋದರೆ ಬಟನ್ ಬಿಡಲೊಲ್ಲದು, ಅಪ್ಪಿಕೊಂಡು ಅಳುತ್ತದೆ.

ಆಮೇಲೆ ಟೈ ಒಂದು ಹೇಳಿಕೆ ಮುಂದಿಟ್ಟ. ಟೈಪು ಮಾಡಿ ತಂದಿದ್ದ. ನಾನು ಸಹಿ ಹಾಕುವುದಷ್ಟೇ ಬಾಕಿ. ಮೊದಲ ಸಾಲು ನಿಜ: ಮಗುವಿನ ಕೈಗೆ ಸಿಗದಂತೆ ಇಡಬೇಕೆಂದು ನಾನು ತಾಯಿಗೆ ಹೇಳಿದ್ದೆ. ಅದರ ಕೆಳಗೆ: ತಾಯಿ ಅದನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ, ಸದಾ ಕೆಲಸದ ಗಡಿಬಿಡಿಯಲ್ಲಿರುತ್ತಾಳೆ, ಮಗುವಿನ ಕಡೆ ಅಷ್ಟಾಗಿ ಗಮನವಿಲ್ಲ. ಒಂದು ನಿಜದ ಮೇಲೆ ಮೂರು ಹೊಲಸು ಗುಡ್ಡೆ ಹಾಕಿ ಚೆನ್ನಾಗಿ ತಿಪ್ಪೆ ಸಾರಿಸಿದ್ದಾರೆ.

ಯಾಕೆಂದು ಹೇಳುತ್ತೇನೆ ಕೇಳು. ಟೇಲರಮ್ಮನ ಕೈಯಲ್ಲಿ ನಾನು ಔಷಧ ನಿಯಂತ್ರಣ ಕಚೇರಿಗೆ ದೂರು ಕೊಡಿಸಿದ್ದೆ. ಅದಕ್ಕೆ ಕಂಪನಿ, ತಪ್ಪು ನಮ್ಮದಲ್ಲ, ತಾಯಿಯದು ಎಂದು ಉತ್ತರ ಕೊಟ್ಟಿದೆ. ಆ ಉತ್ತರ ಮಕ್ಕಳ ರಕ್ಷಣೆಯ ಕಚೇರಿಗೂ ಮುಟ್ಟಿತು. ಅಥವಾ ಮುಟ್ಟಿಸಿದರು. ನಿನ್ನೆ ಬಟನ್‌ಳನ್ನು ಆಸ್ಪತ್ರೆಯಿಂದ ಬಿಟ್ಟರು. ಆದರೆ ಮನೆಗಲ್ಲ, ಸರ್ಕಾರದ ಮಕ್ಕಳ ಮನೆಗೆ. ಔಷಧ ಕಚೇರಿಯ ವಿಚಾರಣೆ ಮುಗಿದು ತಪ್ಪು ಯಾರದೆಂದು ತೀರ್ಮಾನವಾಗುವವರೆಗೆ ಮಗು ಅಲ್ಲೇ. ತಾಯಿಯದೇ ತಪ್ಪೆಂದಾದರೆ ಆಮೇಲೂ ಅಲ್ಲೇ.

ಈಗ ತಿಳಿಯಿತಾ, ಆ ಸಹಿಯ ಅರ್ಥ? ಮುಚ್ಚಳ ಉಳಿಸಿಕೊಳ್ಳಲು ಅವರು ಮಗುವನ್ನು ತಾಯಿಯಿಂದ ಕೀಳುತ್ತಿದ್ದಾರೆ.

ತಂಗಿ


ಏಪ್ರಿಲ್ ೨

ತಂಗೀ,

ಈ ಕಾಗದ ಆಫೀಸಿನಿಂದ ಬರೆದದ್ದಲ್ಲ. ನನ್ನ ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ.

ಸಹಿ ಹಾಕಿಬಿಡೇ. ನಿನ್ನ ಕೈ ಮುಗಿಯುತ್ತೇನೆ. ಮಗುವನ್ನು ಕೀಳಬೇಕೆಂದು ಯಾರಿಗೂ ಇಲ್ಲ. ಹೇಳಿಕೆ ಸಿಕ್ಕಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ, ಮಕ್ಕಳ ಕಚೇರಿಯವರೂ ನಾಲ್ಕು ಬುದ್ಧಿಮಾತು ಹೇಳಿ ತಾಯಿಗೆ ಒಪ್ಪಿಸುತ್ತಾರೆ ಎಂದು ನಮ್ಮ ವಕೀಲರು ಹೇಳಿದ್ದಾರೆ. ಕಾನೂನು ಕೇಳಿದ್ದನ್ನೆಲ್ಲ ನಾವು ಮಾಡಿದ್ದೇವೆ. ಎಚ್ಚರಿಕೆ ಮುದ್ರಿಸಿ ಎಂದಿತು, ಮುದ್ರಿಸಿದೆವು. ಮುಚ್ಚಳ ಹೀಗೇ ಇರಬೇಕೆಂದು ಎಲ್ಲೂ ಬರೆದಿಲ್ಲ.

ಈ ಔಷಧಿ ಇಲ್ಲಿ ನನ್ನ ಹೆಸರಿನ ಮೇಲೇ ನಿಂತಿದೆ. ಅದು ಬಿದ್ದರೆ ನಾನೂ ಬಿದ್ದೆ. ಈ ವಯಸ್ಸಿನಲ್ಲಿ ಬೇರೆಲ್ಲಿಗೆ ಹೋಗಲಿ? ನನ್ನ ನಾಲಿಗೆ ಬಿಟ್ಟು ನನಗೆ ಬೇರೆ ಬಂಡವಾಳವಿಲ್ಲ. ಅದೂ ಈಚೆಗೆ ಸರಿಯಿಲ್ಲ. ಬೆಳಿಗ್ಗೆ ಬರೀ ನೀರು ಕುಡಿದರೂ ಸಿಹಿ. ಡಾಕ್ಟರು ಏನಿಲ್ಲ ಅನ್ನುತ್ತಾರೆ.

ನಿನ್ನ ಅಕ್ಕ ಎಂದಾದರೂ ನೋಡು.


ಏಪ್ರಿಲ್ ೧೦

ಅಕ್ಕಾ,

ಅಕ್ಕ ಎಂದು ನೋಡಿದ್ದಕ್ಕೇ ಈ ಕಾಗದ. ಬೇರೆ ಯಾರಾದರೂ ಆಗಿದ್ದರೆ ಆ ಹೇಳಿಕೆಯನ್ನು ಉಂಡೆ ಮಾಡಿ ಕಳಿಸುತ್ತಿದ್ದೆ. ಸಹಿ ಹಾಕುವುದಿಲ್ಲ. ನನ್ನದೇ ಹೇಳಿಕೆಯನ್ನು ನನ್ನದೇ ಕೈಯಲ್ಲಿ ಬರೆದು ಔಷಧ ಕಚೇರಿಗೆ ಕಳಿಸಿದ್ದೇನೆ: ಇಡು ಎಂದೆ, ಇಟ್ಟಿದ್ದಳು, ಬೀರುವಿನ ಮೇಲೆ, ಮಣೆ ಇಟ್ಟು ಹತ್ತಿದ ಜಾಗ ನಾನೇ ಕಣ್ಣಾರೆ ನೋಡಿದ್ದೇನೆ.

ನಿಮ್ಮ ವಕೀಲರು ಹೇಳಿದರಂತೆ, ನೀನು ನಂಬಿದೆಯಂತೆ. ಎಷ್ಟು ವರ್ಷದಿಂದ ಆ ಕನ್ನಡಿಯ ಹಿಂದೆ ಕೂತಿದ್ದೀಯ? ಅಲ್ಲಿಂದ ನೋಡಿದರೆ ಎಲ್ಲರೂ ಪುಟ್ಟ ಕುರ್ಚಿಯ ಮೇಲಿನ ಮಕ್ಕಳಾಗಿ ಕಾಣುತ್ತಾರೆ ಎಂದು ತೋರುತ್ತದೆ. ಈಗ ನಿನ್ನನ್ನೂ ಅದೇ ಕುರ್ಚಿಯಲ್ಲಿ ಕೂರಿಸಿ ಒಂದು ಚಮಚ ಕೊಟ್ಟಿದ್ದಾರೆ ಅಷ್ಟೇ.

ಟೈ ಮತ್ತೆ ಬಂದಿದ್ದ. ಹೋಗುವಾಗ, "ನಿಮ್ಮ ಅಕ್ಕನವರೇ ಕಂಪನಿ ಕಡೆಯ ತಜ್ಞೆಯಾಗಿ ವಿಚಾರಣೆಗೆ ಬರ್ತಾರೆ ಮೇಡಂ, ರುಚಿ ಮಾಮೂಲು, ಅದರಲ್ಲಿ ಏನೂ ವಿಶೇಷ ಇಲ್ಲ ಅಂತ ಹೇಳ್ತಾರೆ" ಎಂದ. ನೀನು ನನಗೆ ಹೇಳಿರಲಿಲ್ಲ. ಅವನ ಬಾಯಿಂದ ಕೇಳಬೇಕಾಯಿತು.

ಅದೇ ಸಿಟ್ಟಿನಲ್ಲಿ ನನ್ನ ಗೋಡೆಯ ಮೇಲಿರುವ ನಿಮ್ಮ ಕರಡಿ ಬೋರ್ಡು ಕೀಳಲು ಏಣಿ ಹತ್ತಿದೆ. ಒಂದು ಮೊಳೆ ಬಂತು, ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಏಣಿ ಜಾರಿತು. ಕಾಲು ಮುರಿದಿದೆ. ಪ್ಲಾಸ್ಟರ್ ಹಾಕಿಸಿಕೊಂಡು ಕೌಂಟರಿನ ಹಿಂದೆ ಗೂಟದ ಹಾಗೆ ಕೂತಿದ್ದೇನೆ. ಕರಡಿ ಒಂದು ಮೊಳೆಯಲ್ಲಿ ವಾರೆಯಾಗಿ ನೇತಾಡಿಕೊಂಡು ನನ್ನನ್ನೇ ನೋಡಿ ತುಟಿ ನೆಕ್ಕುತ್ತಿದೆ. ನಗು ಬಂದರೆ ನಗು.

ವಿಚಾರಣೆ ನಿಮ್ಮೂರಿನಲ್ಲೇ. ನಾನು ಬರುವ ಹಾಗಿಲ್ಲ. ಟೇಲರಮ್ಮ ಒಬ್ಬಳೇ ಬರುತ್ತಾಳೆ.

ತಂಗಿ


ಮೇ ೩

ಅಕ್ಕಾ,

ನಿನ್ನಿಂದ ಕಾಗದವಿಲ್ಲ. ಇರಲಿ.

ಭಾನುವಾರಗಳಂದು ಟೇಲರಮ್ಮ ಮಕ್ಕಳ ಮನೆಗೆ ಹೋಗಿ ಬರುತ್ತಾಳೆ. ಒಂದು ಉದ್ದನೆ ಕೋಣೆ, ಗೋಡೆಗೆ ಸಾಲಾಗಿ ಬೆಂಚು, ಬಾಗಿಲಲ್ಲಿ ಒಬ್ಬ ಆಯಾ. ತಾಯಿ ತಂದದ್ದನ್ನೆಲ್ಲ ಆಯಾ ಮೊದಲು ಬಿಚ್ಚಿ ನೋಡುತ್ತಾಳಂತೆ. ಹೋದ ವಾರ ಹೊಸ ಅಂಗಿ ಹೊಲಿದುಕೊಂಡು ಹೋಗಿದ್ದಳು. ಆಯಾ ಅದರ ಗುಂಡಿಗಳನ್ನೆಲ್ಲ ಕತ್ತರಿಸಿ ಕೊಟ್ಟಳಂತೆ. "ನುಂಗ್ಬಿಡತ್ತೆ ಕಣಮ್ಮ, ನಿನ್ ಮಗೂಗೆ ಆ ಅಭ್ಯಾಸ ಇದೆಯಲ್ಲ" ಎಂದಳಂತೆ. ಟೇಲರಮ್ಮ ನನಗೆ ಇದನ್ನು ಹೇಳುವಾಗ ಅಳಲಿಲ್ಲ. ಸೂಜಿಗೆ ದಾರ ಪೋಣಿಸುತ್ತಾ ಇದ್ದಳು. ದಾರ ಒಳಗೆ ಹೋಗಲೇ ಇಲ್ಲ.

"ನಾನು ಎತ್ತರದಲ್ಲೇ ಇಟ್ಟಿದ್ದೆ ಅಲ್ವಾ ಅಕ್ಕಾ? ನೀವೇ ನೋಡಿದ್ರಲ್ಲ?" ಎಂದು ದಿನಕ್ಕೊಮ್ಮೆ ಬಂದು ಕೇಳುತ್ತಾಳೆ. ತನ್ನ ಕಣ್ಣನ್ನೇ ತಾನು ನಂಬದ ಹಾಗೆ ಮಾಡಿಬಿಟ್ಟಿದ್ದಾರೆ. ನನಗೆ ಇದೇ ಎಲ್ಲಕ್ಕಿಂತ ಅಸಹ್ಯ. ವಿಷ ಮಾರಿದವರು ಗಡದ್ದಾಗಿ ನಿದ್ದೆ ಮಾಡುತ್ತಾರೆ, ಇವಳು ಬೀರು ನೋಡಿಕೊಂಡು ಕೂತಿರುತ್ತಾಳೆ.

ಇದು ನಿನಗೆ ಉತ್ತರ ಕೊಡಲಿ ಎಂದು ಬರೆದದ್ದಲ್ಲ. ತಿಳಿದಿರಲಿ ಎಂದು ಬರೆದೆ.

ತಂಗಿ


ಮೇ ೨೯

ತಂಗೀ,

ವಿಚಾರಣೆ ಇಂದು ಮುಗಿಯಿತು. ಟೇಲರಮ್ಮ ಬಸ್ಸು ಹತ್ತಿದ್ದಾಳೆ, ಈ ಕಾಗದಕ್ಕಿಂತ ಮೊದಲು ಅವಳೇ ಬಂದು ಹೇಳಿರುತ್ತಾಳೆ. ಆದರೂ ನನ್ನ ಬಾಯಿಂದಲೇ ನಿನಗೆ ತಿಳಿಯಬೇಕು.

ಕಚೇರಿಯ ಮೂರನೇ ಮಹಡಿ. ಉದ್ದನೆ ಮೇಜು, ಸದ್ದು ಮಾಡುವ ಫ್ಯಾನು. ಅಧಿಕಾರಿ ಹೆಂಗಸು, ನಿನ್ನ ವಯಸ್ಸು ಇರಬಹುದು, ದಪ್ಪ ಕನ್ನಡಕ, ನಗುವೇ ಇಲ್ಲದ ಮುಖ. ನಮ್ಮ ಕಡೆ ವಕೀಲರು, ಮುಖ್ಯಸ್ಥರು, ನಾನು. ಎದುರಿಗೆ ಟೇಲರಮ್ಮ, ಸರ್ಕಾರ ಕೊಟ್ಟ ಒಬ್ಬ ವಕೀಲ. ಅವಳು ನನ್ನನ್ನು ಗುರುತಿಸಿ ಎದ್ದು ನಿಂತಳು. ನಮಸ್ಕಾರ ಮಾಡಿದಳು ಕಣೇ. ನಾನು ಕಂಪನಿ ಕಡೆ ಕೂತಿದ್ದೇನೆ, ಅವಳು ನನಗೆ ನಮಸ್ಕಾರ ಮಾಡುತ್ತಾಳೆ! ನನ್ನ ಕುಪ್ಪಸದ ತೋಳು ಬಿಗಿ ಮಾಡಿಕೊಟ್ಟವಳು.

ನಮ್ಮ ವಕೀಲರು ಮಾತು ಶುರು ಮಾಡಿದರು. ಔಷಧಿ ಔಷಧಿಯೇ, ಯಾವ ಮಗುವೂ ಒಂದು ಚಮಚದ ಮೇಲೆ ಇಷ್ಟಪಟ್ಟು ಕುಡಿಯುವುದಿಲ್ಲ. ಈ ಮಗು ಪೂರ್ತಿ ಕುಡಿದಿದೆ ಎಂದರೆ ಎಷ್ಟು ಹಸಿದಿತ್ತೋ, ಎಷ್ಟು ಹೊತ್ತು ಯಾರೂ ನೋಡಿಕೊಳ್ಳದೆ ಬಿದ್ದಿತ್ತೋ ಎಂದರು. ಹಸಿದಿತ್ತು ಎಂದಾಗ ಟೇಲರಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ವಕೀಲರು ನನ್ನ ಕಡೆ ತಿರುಗಿ, "ಮೇಡಂ, ಇದರ ರುಚಿ ಮಾಮೂಲಿ ಔಷಧಿಯ ರುಚಿ ತಾನೇ?" ಎಂದರು. ಹೌದು ಎನ್ನುವುದು ಒಂದೇ ನನ್ನ ಕೆಲಸ. ಅಷ್ಟಕ್ಕೇ ನನ್ನನ್ನು ಕರೆತಂದಿದ್ದರು.

ಮೇಜಿನ ಮೇಲೆ ಸಾಕ್ಷ್ಯಕ್ಕೆಂದು ಒಂದು ಹೊಸ ಬಾಟಲಿ ಇತ್ತು. ನಾನು, "ರುಚಿ ಬಾಯಲ್ಲಿ ಹೇಳೋದಲ್ಲ ಮೇಡಂ, ನೋಡೋದು" ಎಂದು ಅಧಿಕಾರಿಗೆ ಹೇಳಿದೆ. ಚಹಾದ ತಟ್ಟೆಯಲ್ಲಿದ್ದ ಚಮಚ ತೆಗೆದುಕೊಂಡೆ. ಮುಚ್ಚಳ ಎರಡು ಬೆರಳಿಗೇ ಬಿಚ್ಚಿತು, ನೀನು ಹೇಳಿದ್ದ ಹಾಗೇ. "ದೊಡ್ಡವರಿಗೆ ಇಷ್ಟರಿಂದ ಏನೂ ಆಗಲ್ಲ" ಎಂದು ಒಂದು ಚಮಚ ಸುರಿದು ಕೊಟ್ಟೆ. ವಕೀಲರು ಆಕ್ಷೇಪ ಎತ್ತಿದರು. ಆಕೆ ಕೈ ಎತ್ತಿ ಅವರನ್ನು ಸುಮ್ಮನಿರಿಸಿ, ಮುಖ ಸಿಂಡರಿಸಿಕೊಂಡು ಚಮಚ ಬಾಯಿಗಿಟ್ಟರು.

ನಾನು ಮುಖ ನೋಡಲಿಲ್ಲ. ಕೈ ನೋಡಿದೆ.

ಎಲ್ಲರೂ ಆಕೆ ಏನು ಹೇಳುತ್ತಾರೋ ಎಂದು ಕಾಯುತ್ತಿದ್ದರು. ಆಕೆ ನಾಲಿಗೆಯಿಂದ ತುಟಿ ಸವರಿಕೊಂಡರು. ಚಮಚ ಹಿಡಿದ ಕೈ ಮೇಜಿನ ಮೇಲೆ ಮೆಲ್ಲಗೆ ಮುಂದಕ್ಕೆ ಬಂತು, ನನ್ನ ಕೈಯಲ್ಲಿದ್ದ ಬಾಟಲಿಯ ಕಡೆಗೆ.

"ನಿಮ್ಮ ಕೈ ನೋಡಿ ಮೇಡಂ" ಎಂದೆ.

ನೋಡಿದರು. ಬಿಸಿ ತಾಕಿದ ಹಾಗೆ ಚಮಚ ಬಿಟ್ಟುಬಿಟ್ಟರು. ಆಮೇಲೆ ನಾನು ಎಲ್ಲ ಹೇಳಿದೆ. ಪುಟ್ಟ ಕುರ್ಚಿಗಳು, ಕನ್ನಡಿ, 'ಕೈ ಬಂತು'. "ಮಗು ಇನ್ನೊಂದು ಚಮಚ ಕೇಳುತ್ತೆ ಅಂತ ಈ ಕಂಪನಿಗೆ ಗೊತ್ತಿರಲಿಲ್ಲ ಅನ್ನೋದು ಸುಳ್ಳು. ಕೇಳಲಿ ಅಂತಲೇ ಈ ರುಚಿ ಆರಿಸಿದ್ದು. ಆರಿಸಿದವಳು ನಾನು. ಮಗು ಕೈ ಚಾಚುತ್ತೆ ಅಂತ ಗೊತ್ತಿದ್ದೂ ಮುಚ್ಚಳ ಸಡಿಲ ಮಾಡಿದರು. ಕೇಳಿದ್ದಕ್ಕೆ ವಯಸ್ಸಾದವರಿಗೆ ಬಿಚ್ಚೋಕೆ ಕಷ್ಟ, ಮಾರಾಟ ಬೀಳತ್ತೆ ಅಂದ್ರು. ನಾನು ಸುಮ್ಮನಾದೆ. ಆ ತಾಯಿ ಬೀರುವಿನ ಮೇಲಿಟ್ಟಿದ್ದಳು. ಅದಕ್ಕಿಂತ ಎತ್ತರ ಅವಳ ಮನೇಲಿ ಇಲ್ಲ" ಎಂದೆ. ಮುಖ್ಯಸ್ಥರು ನನ್ನ ಸೆರಗು ಹಿಡಿದೆಳೆದು ಕೂರಿಸಿಯಾರೇನೋ ಅನ್ನಿಸಿತು. ಅವರು ಕೈಗಡಿಯಾರ ನೋಡಿಕೊಳ್ಳುತ್ತಾ ಇದ್ದರು.

ತಾಯಿಯದು ತಪ್ಪಿಲ್ಲ ಎಂದು ಅಧಿಕಾರಿ ಅಲ್ಲೇ ಬರೆಸಿದರು. ದೊಡ್ಡ ಬಾಟಲಿಗಳನ್ನು ಅಂಗಡಿಗಳಿಂದ ವಾಪಸು ತರಿಸಬೇಕು, ಹಳೆಯ ಮುಚ್ಚಳವಿಲ್ಲದೆ ಮಾರಬಾರದು ಎಂದು ಆದೇಶ. ಕಂಪನಿಯ ಮೇಲೆ ಮೊಕದ್ದಮೆಗೂ ಶಿಫಾರಸು ಮಾಡುತ್ತಾರಂತೆ.

ಮೆಟ್ಟಿಲಲ್ಲಿ ಮುಖ್ಯಸ್ಥರು, "ನಾಳೆಯಿಂದ ಬರಬೇಡಿ" ಎಂದರು. ಕಂಪನಿಯ ಗುಟ್ಟು ಹೊರಗೆ ಹಾಕಿದ್ದಕ್ಕೆ ನೋಟಿಸು ಕೂಡ ಬರುತ್ತದಂತೆ. ಗುಟ್ಟು ಎಂದರೆ ಆ ಮಕ್ಕಳ ಕೈ.

ಮನೆಗೆ ಬಂದು ನೀರು ಕುಡಿದೆ. ಇನ್ನೂ ಸಿಹಿಯೇ ಇದೆ.

ಅಕ್ಕ


ಜೂನ್ ೨೭

ಅಕ್ಕಾ,

ನಿನಗೆ ಬೇಗ ಬರೆಯಬೇಕಿತ್ತು. ಎರಡು ಸಲ ಬರೆದು ಎರಡು ಸಲವೂ ಹರಿದು ಹಾಕಿದೆ. ಟೇಲರಮ್ಮ ಬಂದು ಆ ಚಮಚದ ಕಥೆಯನ್ನು ಅಭಿನಯ ಸಮೇತ ಹೇಳಿದಾಗ ನಾನು ಕೂತಲ್ಲೇ ಗೊಳೋ ಎಂದು ಅತ್ತೆ. ಗಿರಾಕಿಗಳು ಕಾಲು ನೋವೇ ಇರಬೇಕೆಂದುಕೊಂಡರು. ನೀನು ನನ್ನ ಅಕ್ಕ. ಮಧ್ಯೆ ಸ್ವಲ್ಪ ದಿನ ಅನುಮಾನ ಬಂದಿತ್ತು, ಅಷ್ಟೇ.

ಆದರೆ ಸಮಾಧಾನದಿಂದ ಕೂರಲು ಇವರು ಬಿಡುತ್ತಾರಾ? ನಿನ್ನೆ ಹೊಸ ಸರಕು ಬಂತು. ಹಳೆಯ ಮುಚ್ಚಳ ಮರಳಿ ಬಂದಿದೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಏನು ಹಾಕಿದ್ದಾರೆ ಗೊತ್ತಾ? "ನಿಮ್ಮ ಕಂದನ ಸುರಕ್ಷತೆಗಾಗಿ, ನಾವೇ ಮೊದಲು." ನಾವೇ ಮೊದಲಂತೆ! ಕುತ್ತಿಗೆ ಹಿಡಿದು ಮಾಡಿಸಿದ್ದನ್ನು ತಮ್ಮ ದೊಡ್ಡತನ ಎಂದು ಮಾರುತ್ತಿದ್ದಾರೆ. ಕರಡಿಗೆ ಈಗ ಒಂದು ಹೆಲ್ಮೆಟ್ ಬೇರೆ. ತಂದುಕೊಟ್ಟದ್ದು ಅದೇ ಟೈ. "ಮೇಡಂ, ಒಳ್ಳೇ ಬದಲಾವಣೆ ಅಲ್ವಾ?" ಎಂದು ಹಲ್ಲು ಕಿರಿದ. ಡಬ್ಬಗಳನ್ನು ಹೊರಗಿಡಿಸಿದೆ. ಕೈಗೆ ಸಿಕ್ಕಿದ್ದು ಊರುಗೋಲು, ಅವನ ಪುಣ್ಯ ಚೆನ್ನಾಗಿತ್ತು, ನನಗೆ ಏಳಲಾಗಲಿಲ್ಲ.

ಇನ್ನೊಂದು ವಿಷಯ ಹೇಳಲೋ ಬೇಡವೋ ಎಂದು ಯೋಚಿಸಿದೆ. ಹೇಳುತ್ತೇನೆ. ನೀನು ಅಷ್ಟು ಜನರ ಮುಂದೆ ಹೇಳಿದವಳು, ಕೇಳಿಸಿಕೊಳ್ಳಬಲ್ಲೆ.

ಬಟನ್ ಮನೆಗೆ ಬಂದಳು. ಸಣಕಲಾಗಿದ್ದಾಳೆ, ಆದರೆ ಕಣ್ಣು ಬಿಳಿಯಾಗಿದೆ. ಡಾಕ್ಟರು ವರ್ಷವಿಡೀ ಬಂದು ತೋರಿಸಿಕೊಂಡು ಹೋಗಬೇಕು ಎಂದಿದ್ದಾರೆ. ಮಕ್ಕಳ ಮನೆಯಿಂದ ನೇರವಾಗಿ ಟೇಲರಮ್ಮ ಅವಳನ್ನು ನನ್ನ ಅಂಗಡಿಗೇ ಎತ್ತಿಕೊಂಡು ಬಂದಳು. ಹೊಸ ಅಂಗಿ, ಅದಕ್ಕೆ ಮತ್ತೆ ಹೊಲಿದ ಕೆಂಪು ಗುಂಡಿಗಳು. ತಾಯಿಯ ಮುಖದಲ್ಲಿ ಎಷ್ಟೋ ತಿಂಗಳಿಗೆ ನಗು. "ಆಂಟಿಗೆ ನಮಸ್ತೆ ಮಾಡು" ಎಂದಳು. ನಾನು ಕೂತಲ್ಲಿಂದಲೇ ಕೈ ಚಾಚಿ ಕರೆದೆ.

ಅವಳು ನನ್ನನ್ನು ನೋಡಲಿಲ್ಲ. ನನ್ನ ತಲೆಯ ಮೇಲೆ ಗೋಡೆಯಲ್ಲಿ ಆ ಕರಡಿ ಬೋರ್ಡು ಇನ್ನೂ ಒಂದೇ ಮೊಳೆಯಲ್ಲಿ ನೇತಾಡುತ್ತಿದೆಯಲ್ಲ, ಅದನ್ನು ನೋಡಿದಳು. ನೋಡುತ್ತಾ ನಾಲಿಗೆಯಿಂದ ತುಟಿ ಸವರಿಕೊಂಡಳು. ಆಮೇಲೆ ಅಮ್ಮನ ಸೊಂಟದ ಮೇಲಿಂದ ಬಾಗಿದಳು, ಸೂಜಿಯ ಕಲೆ ಇನ್ನೂ ಮಾಸದ ಆ ಪುಟ್ಟ ಕೈ ಮುಂದಕ್ಕೆ ಬಂತು.

ಟೇಲರಮ್ಮನ ನಗು ಅಲ್ಲೇ ನಿಂತುಹೋಯಿತು.

ಕೈ ಬಂತು, ಅಕ್ಕಾ.

ಅಲ್ಲಿ ಇನ್ನು ನಿನಗೇನು ಕೆಲಸ? ಹೊರಟು ಬಾ. ನನ್ನ ಕಾಲು ಇನ್ನೂ ನೆಲಕ್ಕೆ ಊರುವ ಹಾಗಿಲ್ಲ. ಏಣಿ ಹಿತ್ತಲಲ್ಲಿದೆ. ಬಂದವಳೇ ಮೊದಲು ಆ ಬೋರ್ಡು ಇಳಿಸು.

ನಿನ್ನ ತಂಗಿ